ಸೀಮೆ ಎಂದರೆ ಯಾವೂರು?

ಆರನೇ ತರಗತಿಯ ಫರ್ಹಾನಾ ಕೇಳಿದಳು:
"ಮಿಸ್, ಸೀಮೆಸುಣ್ಣ ಅಂತೀರಲ್ಲ,
ಸೀಮೆ ಅಂದ್ರೆ ಯಾವೂರು?
ಶಿವಾಜಿನಗರದಿಂದ ಬಸ್ಸಿದೆಯಾ ಅಲ್ಲಿಗೆ?"
ಬೆಲ್ಲು ಹೊಡೆಯಿತು. ಬದುಕಿಕೊಂಡೆ.

ಸೀಮೆ ಎಂದರೆ ಎಲ್ಲೆ, ಗಡಿ. ಅಷ್ಟು ಗೊತ್ತು.
ಗಡಿಯಾಚೆಯಿಂದ ಬಂದದ್ದಕ್ಕೆಲ್ಲ
ಹಿರಿಯರು ಗಡಿಯದೇ ಹೆಸರಿಟ್ಟರು.
ಸೀಮೆಎಣ್ಣೆ, ಸೀಮೆಹಸು, ಸೀಮೆಹುಣಸೆ...
ಹೊಸಿಲು ದಾಟಿ ಒಳಬಂದವನನ್ನು
"ಹೊಸಿಲಪ್ಪಾ, ಊಟಕ್ಕೇಳು" ಎಂದ ಹಾಗೆ.

ಬೆರಳ ಸಂದಿಯ ಬಿಳಿಪುಡಿ ತೊಳೆಯುತ್ತ ನೆನಪಾಯಿತು:
ಕಣ್ಣಿಗೆ ಕಾಣದ ಕಡಲಜೀವಿಗಳ ಚಿಪ್ಪು
ಒಂದರ ಮೇಲೊಂದು ಕೂತು
ಕೋಟಿಗಟ್ಟಲೆ ವರ್ಷಕ್ಕೆ ಕಲ್ಲಾದದ್ದಂತೆ ಸೀಮೆಸುಣ್ಣ.
"ಈಗಿನದು ಬರೀ ಜಿಪ್ಸಂ, ಮೇಡಂ"
ವಿಜ್ಞಾನದ ವೀರಭದ್ರಾಚಾರ್ ತಿದ್ದಿದರು.
ಕೆದಕಿ ಕೇಳಿದರೆ, ಅದೂ ಬತ್ತಿಹೋದ ಕಡಲೇ.
ತಿದ್ದಿಸಿಕೊಂಡೂ ಗೆದ್ದೆ.
ಕಡಲಿಲ್ಲದ ಊರಿನಲ್ಲಿ ಇಪ್ಪತ್ತು ವರ್ಷದಿಂದ
ದಿನಕ್ಕಿಷ್ಟು ಕಡಲು ಒರೆಸಿದ್ದೇನೆ;
ಡಸ್ಟರ್ ಕುಟ್ಟಿದರೆ ಕೆಮ್ಮು.

ರಾತ್ರಿ ಹುಳಿಗೆ ಸೀಮೆಬದನೆ.
ಸಿಪ್ಪೆ ಹೆರೆದರೆ ಅಂಗೈಗೆ ಅಂಟುವ ಸೊನೆ
ಒಣಗಿ ಇನ್ನೊಂದು ಚರ್ಮದಂತೆ ಬಿಗಿಯುತ್ತದೆ.
ಶ್ರೀರಾಂಪುರದ ನಮ್ಮ ವಠಾರದ ಅಂಜಲೈ
ಕಿಟಕಿಯಲ್ಲಿ ಇಣುಕಿ,
"ಏನು, ಬೆಂಗಳೂರು ಕತ್ತರಿಕಾಯಾ?" ಎಂದಳು.
ಅವಳ ತಿರುಪತ್ತೂರಿಗೆ ಇದು ನಮ್ಮೂರಿನದು,
ನಮ್ಮೂರಿಗೆ ಸೀಮೆಯದು.
ಹುಟ್ಟಿದ್ದು ಮೆಕ್ಸಿಕೋ ಕಡೆ.
ಬದನೆಯ ಬಳಗವೂ ಅಲ್ಲ, ಸೌತೆಯ ದಾಯಾದಿ.
ಯಾರೂ ತಮ್ಮದೆನ್ನದ ಕಾಯಿ
ಎಲ್ಲರ ಮನೆಯಲ್ಲೂ ಬೇಯುತ್ತಿತ್ತು.

ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿದೆ.
ಇದೂ ಹಡಗು ಹತ್ತಿ ಬಂದದ್ದೇ. ಆದರೆ ಚಾಲಾಕಿ,
ಸೀಮೆ ಎನ್ನಿಸಿಕೊಳ್ಳದೆ
ಕಾಳುಮೆಣಸಿನ ಹೆಸರು ಹೊದ್ದು
ಅಜ್ಜಿಯ ಉಪ್ಪಿನಕಾಯಿ ಜಾಡಿಯಲ್ಲಿ ಕೂತುಬಿಟ್ಟಿತು.
ಶ್ರಾದ್ಧದ ಅಡುಗೆಗೆ ಮಾತ್ರ ಇನ್ನೂ ಪ್ರವೇಶವಿಲ್ಲ.
ಪಿತೃಗಳಿಗೆ ಗುರುತು ಹತ್ತಿಲ್ಲ.

ಊರಿನ ಸೀಮೆ ಇಲ್ಲಿಗೆ ಮುಗಿಯಿತೆಂದು
ಬಂಡೆಯ ನೆತ್ತಿಗೊಂದು ಗೋಪುರ ನಿಲ್ಲಿಸಿದರಂತೆ.
ಅದೇ ಬಂಡೆಯ ಬುಡದ ಲಾಲ್‌ಬಾಗಿನಲ್ಲಿ
ಈ ಬಳ್ಳಿ ಇಲ್ಲಿಯ ಮಣ್ಣಿಗೆ ಮೊದಲು ಕೈಚಾಚಿತಂತೆ.
ಗೋಪುರ ಅಲ್ಲೇ ಇದೆ.
ಊರು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ
ಇನ್ನೂ ಮುಂದಕ್ಕೆ ಹೋಗುತ್ತಿದೆ.

ಬುಟ್ಟಿಯ ತಳದಲ್ಲಿ ಮರೆತ ಕಾಯೊಂದು
ತುಟಿ ಬಿಚ್ಚಿ ಹಸಿರು ನಾಲಿಗೆ ಚಾಚಿತ್ತು.
ಬೀಜ ತೆಗೆಯಲು ಹೋದೆ.
"ಅಯ್ಯೋ, ಬಿಡಿಸಬೇಡ" ಅಂದಳು ಅಂಜಲೈ,
"ಇದರ ಬೀಜ ಬೇರೆ ಬರೋದಿಲ್ಲ.
ಇಡೀ ಕಾಯೇ ಹೂಳಬೇಕು."

ಬೆಳಿಗ್ಗೆ ಹಳೇ ಪೇಂಟ್ ಡಬ್ಬಿಗೆ ಮಣ್ಣು ತುಂಬಿ
ಕಾಯನ್ನು ಕೂರಿಸಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.
ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು
ಡಬ್ಬಿಯತ್ತ ಬಗ್ಗಿ ನೋಡಿದ:
"ಇದು? ಎಲ್ಲಿಂದ ಎಲ್ಲಿಗೆ?"