ಹನ್ನೆರಡಕ್ಕೆ ಎಂಟು

ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ.
ಚದರಡಿಗೆ ಹನ್ನೆರಡು ರೂಪಾಯಿ. ಚೌಕಟ್ಟು ಬೇಕಾದರೆ ಬೇರೆ.
ಯಾರ ಮುಖ ಅಂತ ನಾವು ಕೇಳೋದಿಲ್ಲ,
ಎಷ್ಟು ಅಡಿ ಅಂತ ಕೇಳುತ್ತೇವೆ.

ಆ ಮಾರ್ಚಿನಲ್ಲಿ, ಊರೆಲ್ಲ ಬಾಗಿಲು ಹಾಕಿದ ಮೇಲೆ,
ಅರ್ಧ ಶೆಟರ್ ಎತ್ತಿ, ಬಗ್ಗಿ, ಒಳಗೆ ಬಂದವನು
ಪುರಿ ಬಟ್ಟಿ ಕದಿರಪ್ಪ.
ಮೂಗಿಗೆ ಹೆಂಡತಿಯ ಹಳೇ ಸೀರೆಯ ತುಂಡು,
ರೆಪ್ಪೆ ಮೇಲೆ ಇನ್ನೂ ಬಟ್ಟಿಯ ಬೂದಿ.
"ದೊಡ್ಡೋರಿಗೆ ಒಂದು ಥ್ಯಾಂಕ್ಸ್ ಹಾಕ್ಬೇಕಣ್ಣ,
ಹನ್ನೆರಡಕ್ಕೆ ಎಂಟು. ಸರ್ಕಲ್‌ನಾಗೆ ಕಟ್ಟೋದು."
ಯಾರು ನೋಡ್ತಾರೋ, ನಾಯಿ ಬಿಟ್ರೆ ರೋಡಲ್ಲಿ ಯಾರಿದ್ದಾರೆ ಅಂದೆ.
"ನೋಡೋದಕ್ಕಲ್ಲ," ಅಂದ, "ಇರಲಿ ಅಂತ."

ನಗಬೇಡಿ. ನಾನೂ ಆ ಸಂಜೆ
ಮಹಡಿ ಹತ್ತಿ, ಮುದ್ದೆ ಕೋಲಲ್ಲಿ
ಇಡ್ಲಿ ಪಾತ್ರೆಯ ತಳ ಬಡಿದವನೇ.
ಎದುರು ಮಹಡಿಯಲ್ಲಿ, ಹನ್ನೊಂದು ವರ್ಷದಿಂದ ಮಾತು ಬಿಟ್ಟ ಷಡ್ಡಕ
ಶಂಖ ಊದುತ್ತಿದ್ದ, ಅರ್ಧ ಉಸಿರು ಪಕ್ಕಕ್ಕೆ ಸೋರಿ.
ಅಂಬಾಜಿದುರ್ಗದ ಬಂಡೆಗೆ ತಾಗಿ ಸದ್ದು ತಿರುಗಿ ಬಂದಾಗ
ಇಡೀ ಊರು ಒಂದೇ ಮನೆಯ ಅಡಿಗೆಕೋಣೆ ಅನ್ನಿಸಿತು.
ಅವರು ಹೇಳಿದರು, ನಾವು ಬಡಿದೆವು.
ಭಯವಾದಾಗ ಮಗು ಕೈ ಹಿಡಿಯುತ್ತೆ.
ಕೈ ಯಾರದು ಅಂತ ನೋಡೋದು ಆಮೇಲೆ.

ಕೂತು ಡಿಸೈನ್ ಮಾಡಿದೆವು.
ಎಡಗಡೆ ಪೂರ್ತಿ ದೊಡ್ಡವರು, ಕೈ ಮುಗಿದದ್ದು.
ಆ ಫೋಟೋ ಎಷ್ಟು ಹಿಗ್ಗಿಸಿದರೂ ಒಡೆಯೋದಿಲ್ಲ,
ರೆಪ್ಪೆಗೂದಲು ಎಣಿಸಬಹುದು,
ಕಣ್ಣೊಳಗೆ ಫೋಟೋ ತೆಗೆದವನ ನೆರಳೂ ಕಾಣುತ್ತೆ.
ಹಿಂದೆ ಬಾವುಟ, ಮುಳ್ಳುಮುಳ್ಳಿನ ಆ ಹಸಿರು ಚೆಂಡು,
ಅದರ ಎದೆಗೊಂದು ತ್ರಿಶೂಲ, ಕದಿರಪ್ಪನೇ ಕೇಳಿ ಹಾಕಿಸಿದ್ದು.
ಕೆಳಗೆ ಸ್ಟಾಂಪ್ ಸೈಜಿನ ಸಾಲು:
ಬಟ್ಟಿ ಬೀದಿ ಗೆಳೆಯರ ಬಳಗ, ಒಂಬತ್ತು ಜನ.
ಬಲದಿಂದ ಮೂರನೆಯವನು ಕದಿರಪ್ಪ,
ಭಾಮೈದನ ಮದುವೆಯಲ್ಲಿ ಮೊಬೈಲಲ್ಲಿ ತೆಗೆದದ್ದು.
"ನಾನು ಕಾಣದಿದ್ರೂ ಪರವಾಗಿಲ್ಲ, ಅವರ ಕೆಳಗಿದ್ರೆ ಸಾಕು."

ಹದಿಮೂರು ತಿಂಗಳು.

ಎರಡನೇ ಸಲ ಬಂದದ್ದಕ್ಕೆ ತಟ್ಟೆಯ ಸದ್ದಿರಲಿಲ್ಲ.
ಮೆಷಿನ್ನು ರಾತ್ರಿಯೆಲ್ಲ ಓಡಿತು.
ಕಪ್ಪು ಇಂಕು ಮುಗೀತಣ್ಣ ಅಂತ
ನಮ್ಮ ಮಸ್ತಾನ್ ವಲಿ ಎಬ್ಬಿಸುತ್ತಿದ್ದ.
ಭಾವಪೂರ್ಣ ಶ್ರದ್ಧಾಂಜಲಿ ಅನ್ನೋ ಸಾಲನ್ನು
ಟೈಪ್ ಮಾಡೋದು ಬಿಟ್ಟು ಕಾಪಿ ಪೇಸ್ಟ್ ಮಾಡತೊಡಗಿದೆ.
ನಾಚಿಕೆಯಾಗಬೇಕಿತ್ತು. ನಿದ್ದೆ ಬರುತ್ತಿತ್ತು.

ಕದಿರಪ್ಪ ಹೋದದ್ದು
ಕೋಲಾರದಲ್ಲಿ, ಆಸ್ಪತ್ರೆ ಗೇಟಿನ ಹೊರಗೆ, ಆಟೋದಲ್ಲಿ, ಕಾದು ಕಾದು.
ಮೂವತ್ತು ವರ್ಷ ಬಟ್ಟಿಗೆ ಗಾಳಿ ಹಾಕಿದವನು.

ಮೈದುನನ ಬೈಕಲ್ಲಿ ಗಂಗುಲಮ್ಮ ಬಂದಳು.
ಬೇರೆ ಫೋಟೋ ಇಲ್ಲ. ಮೊಬೈಲು ಆ ಗಲಾಟೆಯಲ್ಲಿ ಕಳೆದುಹೋಯಿತು.
ಹಳೇ ಫೈಲು ತೆಗೆದೆ. ಬಲದಿಂದ ಮೂರನೆಯವನು.
ಕತ್ತರಿಸಿ ಎಳೆದೆ. ಎಳೆದಷ್ಟೂ ಒಡೆಯಿತು.
ಕಣ್ಣು ನಾಲ್ಕು ಚೌಕ, ನಗು ಏಳು ಚೌಕ,
ಭುಜದ ಮೇಲೆ ಮದುವೆಮನೆಯ ಯಾರದೋ ಕೈ.
ಮಂಜು ಮಂಜಾಗಿದೆಯಮ್ಮ ಅಂದೆ.
ಹಿಂದೆ ಹಿಂದೆ ನಡೆದು, ಬಾಗಿಲ ಹತ್ತಿರ ನಿಂತು ನೋಡಿದಳು.
"ಇಲ್ಲಿಂದ ಅವರೇ," ಅಂದಳು.

ಅಡ್ವಾನ್ಸ್ ತಗೊಳ್ಳುವಾಗ ನೆನಪಾಗಿ ಕೇಳಿದೆ:
ದೊಡ್ಡವರ ಫೋಟೋ ಹಾಕೋದಾ? ಅವನಿಗೆ ಇಷ್ಟ ಇತ್ತಲ್ಲ.
ಮೈದುನ ಏನೋ ಬೈಯಲು ಬಾಯಿ ತೆರೆದ.
ಗಂಗುಲಮ್ಮ ದುಡ್ಡು ಎಣಿಸುತ್ತಿದ್ದಳು.
ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು.
"ಹಾಕಪ್ಪ. ಅವರಂದ್ರೆ ಇವರಿಗೆ ಪ್ರಾಣ."
ಆಮೇಲೆ, ಶೆಟರ್ ಕೆಳಗೆ ಬಗ್ಗುತ್ತಾ,
"ಚಿಕ್ಕದಾಗಿ ಹಾಕು. ಕೆಳಗೆ. ಆ ಸಾಲಿನಲ್ಲಿ."

ಇಳಿಸಿದೆ, ಸ್ಟಾಂಪ್ ಸೈಜಿಗೆ.
ಒಳ್ಳೇ ಫೋಟೋ ಅದು.
ಅಷ್ಟು ಕುಗ್ಗಿಸಿದರೂ ಒಡೆಯಲಿಲ್ಲ.