ಪುಟ ಇನ್ನೂರ ಹನ್ನೆರಡು

ರಾಬರ್ಟ್‌ಸನ್‌ಪೇಟೆಯ ಶಾಖಾ ಗ್ರಂಥಾಲಯದಲ್ಲಿ
ಈ ವರ್ಷ ಅತಿ ಹೆಚ್ಚು ಸವೆದ ಬೆನ್ನು ನನ್ನದು,
ಆಮೇಲೆ ಆ ಕೆಂಪು ರಟ್ಟಿನ ಕಾದಂಬರಿಯದು.

ಕತೆ ಇಷ್ಟು:
ಗಂಗರ ಕಾಲದ ತಾಮ್ರಪಟದಲ್ಲಿ ಒಂದು ಗುಟ್ಟಿದೆ,
ಗುಟ್ಟಿನ ಬೀಗ ಎರಡು ಮೈಲಿ ಆಳದ ಗಣಿಯಲ್ಲಿದೆ,
ಗಣಿಯೊಳಗೆ ವಿಜ್ಞಾನಿಗಳು ಬಿಟ್ಟುಹೋದ ಯಂತ್ರವಿದೆ,
ಯಂತ್ರ ಕಂಡದ್ದನ್ನು ಬಲ್ಲವರನ್ನೆಲ್ಲ
ಯಾರೋ ಒಬ್ಬೊಬ್ಬರಾಗಿ ಮುಗಿಸುತ್ತಿದ್ದಾರೆ.
ಕೊನೆ ಹೇಳುವಂತಿಲ್ಲ. ಕೆಲಸದ ಶಿಸ್ತು.

ಬೈಯಪ್ಪ ಮೇಷ್ಟ್ರು ಪುಸ್ತಕವನ್ನು ಮೇಜಿಗೆ ಕುಟ್ಟಿದರು:
‘ಗಂಗರ ಮುದ್ರೆ ಆನೆ ಕಣಮ್ಮ, ಆನೆ!
ಈ ಪುಣ್ಯಾತ್ಮ ಅಲ್ಲಿ ವರಾಹ ಕೂರಿಸಿದ್ದಾನೆ.
ನಾನೂರು ಪುಟ ಓಡಿಸಿದವನಿಗೆ
ಒಂದು ಆನೆ ಕಟ್ಟಲು ಜಾಗ ಸಿಗಲಿಲ್ಲವೇ?’
ಎಷ್ಟು ದಿನ ಹಿಡಿಯಿತು ಸಾರ್, ಎಂದೆ.
ಕನ್ನಡಕ ಒರೆಸಿಕೊಂಡರು. ‘ಒಂದು ರಾತ್ರಿ.’

ಬಿಎಸ್ಸಿಯ ನೌಹೀರಾ ನಕ್ಕಳು:
‘ನ್ಯೂಟ್ರಿನೊ ಯಾರನ್ನೂ ಕೊಲ್ಲಲ್ಲ ಮೇಡಂ.
ನೀವು ಈ ಮೊಹರು ಒತ್ತುವಷ್ಟರಲ್ಲಿ
ನಿಮ್ಮ ಉಗುರೊಳಗಿಂದ ಕೋಟಿ ಕೋಟಿ ದಾಟಿದವು,
ನಿಮಗೇನಾದರೂ ಆಯಿತಾ?’
ಆಗಲಿಲ್ಲ. ಆದರೆ ಅವತ್ತು ಸಂಜೆಯವರೆಗೂ
ಉಗುರು ನೋಡಿಕೊಳ್ಳುತ್ತಾ ಕೂತೆ.

ಟೊಮೆಟೊ ಮಂಡಿಯ ಗುಮಾಸ್ತ ರೆಡ್ಡೆಪ್ಪ
ತೊಂಬತ್ತನೇ ಪುಟಕ್ಕೆ ಒಂದು ಬೀಜ ಅಂಟಿಸಿ ತಂದ.
ಹದಿನೇಳು ಬಾಕ್ಸು ಎನ್ನುವ ಕಡೆ ಎಪ್ಪತ್ತು ಬರೆದು
ಬೈಸಿಕೊಂಡನಂತೆ ಸಾಹುಕಾರರ ಹತ್ತಿರ.
‘ಆ ಹುಡುಗಿ ಕತ್ತಲಲ್ಲಿ ಸಿಕ್ಕಿಕೊಂಡಿದ್ದಾಳೆ,
ನನಗೆ ಹರಾಜು ಎಲ್ಲಿ ಕೇಳಿಸುತ್ತೆ?’
ಎರಡನೇ ಭಾಗ ಬಂದರೆ ಎತ್ತಿಡಿ, ಅಂದ.

ಬಿಸಿಯೂಟದ ಸುಗುಣಮ್ಮ ಮೂರನೇ ಅಧ್ಯಾಯಕ್ಕೇ ನಿಲ್ಲಿಸಿದರು.
‘ಮೂರು ದಿನದಿಂದ ಓಡ್ತಾವರೆ,
ಒಬ್ಬರೂ ಒಂದು ತುತ್ತು ತಿಂದಿಲ್ಲ.
ನಾನ್ ನಂಬಲ್ಲ ಬಿಡಿ.’

ಅರುಳಪ್ಪ ಮಾತ್ರ ಏನೂ ಹೇಳಲಿಲ್ಲ.
ಗಣಿ ಮುಚ್ಚುವ ತನಕ ವೈಂಡಿಂಗ್ ಎಂಜಿನ್ ನಡೆಸಿದವರು.
ಮನೆಮಾತು ತಮಿಳು; ಕನ್ನಡವನ್ನು ಬೆರಳಿಟ್ಟು,
ಅಕ್ಷರ ಅಕ್ಷರ ಇಳಿಸುತ್ತಾ ಓದುವವರು.
ಮೂರು ಸಲ ನವೀಕರಿಸಿದರು. ನಾಲ್ಕನೆಯ ಸಲ ನಾನೇ ಕೇಳಿದೆ.
‘ಗಂಟೆ ತಪ್ಪು,’ ಎಂದರು.
‘ಕೇಜಿನಲ್ಲಿ ಜನ ಇದ್ದರೆ ಮೊದಲು ಮೂರು ಹೊಡೆಯಬೇಕು.
ಇವನು ಒಂದೇ ಹೊಡೆದು ಇಳಿಸಿಬಿಟ್ಟ.
ಮೂರು ಕೇಳಿದರೆ ಕೈ ತಾನಾಗಿ ಮೆತ್ತಗಾಗುತ್ತದೆ.
ಕಲ್ಲು ಬೇರೆ, ಮನುಷ್ಯ ಬೇರೆ.’

ಅವರು ಹೋದ ಮೇಲೆ ಪುಟ ತಿರುವಿದೆ.
ಇನ್ನೂರ ಹನ್ನೆರಡರಲ್ಲಿ, ಬಂಡೆ ಸಿಡಿಯುವ ಕಡೆ,
ಅಚ್ಚಾದದ್ದು ಇಷ್ಟೇ:
‘ಒಬ್ಬ ಕೂಲಿ ಸತ್ತ. ಅವಳು ಮುಂದೆ ಓಡಿದಳು.’
ಒಬ್ಬ ಎಂಬುದರ ಮೇಲೆ ಪೆನ್ಸಿಲಿನಲ್ಲಿ,
ಒತ್ತಿ ಬರೆದು, ‘ಗ’ವನ್ನು ಒಮ್ಮೆ ತಿದ್ದಿ,
ಒಂದು ಹೆಸರು: ದೇವಸಗಾಯಂ.
ಪಕ್ಕದಲ್ಲಿ ಮೂರು ಚುಕ್ಕೆ.

ಪುಸ್ತಕದಲ್ಲಿ ಗೀಚಿದರೆ ಹತ್ತು ರೂಪಾಯಿ ದಂಡ,
ಅಳಿಸುವ ರಬ್ಬರು ನನ್ನ ಡ್ರಾಯರಿನಲ್ಲೇ ಇದೆ.
ಆ ದಿನ ಕೇಜನ್ನು ಮೇಲೆ ತಂದವರು ಯಾರೆಂದು
ನಾನು ಕೇಳಲಿಲ್ಲ; ಕೇಳುವ ಕಾಲಂ ನಮ್ಮ ವಹಿಯಲ್ಲಿಲ್ಲ.

ಮುಂದಿನ ವಾರ ಬಂದು ತಾವೇ ನೋಟು ಇಟ್ಟರು.
ನಾನು ರಸೀದಿ ಹರಿದೆ. ಕಾರಣ ಎಂಬಲ್ಲಿ
ಪುಟದ ಸಂಖ್ಯೆ ಬರೆದು, ಆ ಹೆಸರನ್ನೂ
ತಪ್ಪಿಲ್ಲದಂತೆ, ಶಾಯಿಯಲ್ಲಿ ಬರೆದೆ.
ಕಾರ್ಬನ್ನಿನ ಕೆಳಗೆ ಇನ್ನೊಂದು ಪ್ರತಿ
ನೀಲಿಯಾಗಿ ಮೂಡಿತು.
ಅದು ಇಲಾಖೆಗೆ ಹೋಗುತ್ತದೆ.