ಉಪ್ಪು ತಿಂದ ಗೋಡೆ

ಷ್ಲೆಂದಿ ಕೊಲ್ಲಿಯ ಮೇಲಿನ ಏರಿನಲ್ಲಿ ಚೆನ್ಸಾಳ ಮನೆ.
ಬಾಗಿಲು ತೆಗೆದವಳೇ ಅಂದಳು:
‘ಅಪ್ಪ ಸಾಲ್ವುವಿಗೆ ದೋಣಿ ಕೊಟ್ಟ, ನನಗೆ ಇದು.
ಅವನ ಕಣ್ಣಿಗೆ ಬೆಣ್ಣೆ,
ನನ್ನ ಕಣ್ಣಿಗೆ ನೋಡು, ನಿಜವಾಗಿಯೂ ಸುಣ್ಣ!’
ಏಪ್ರನ್ ಕೊಡವಿದಳು. ಹಳದಿ ಪುಡಿ ಉದುರಿತು.

ಮೇಲೆಲ್ಲ ಜೇನುಬಣ್ಣ.
ಸೊಂಟದಿಂದ ಕೆಳಗೆ ಕಲ್ಲು ಸಿಪ್ಪೆ ಸುಲಿಯುತ್ತಿತ್ತು,
ಬಿಸಿಲಲ್ಲಿ ಮೀನು ಹಿಡಿದವನ ಭುಜದ ಹಾಗೆ.
ಬಗ್ಗಿ ನಾಲಿಗೆ ತಾಗಿಸಿದೆ.
‘ಥೂ, ಏನಿದು!’
ಏನಿಲ್ಲ, ನಮ್ಮಪ್ಪ ವಿಸ್ತಿನ್ ಕಲಿಸಿದ ವಿದ್ಯೆ.
ಮೀಟರು ಚೀಲದಲ್ಲೇ ಇತ್ತು.

ಉಪ್ಪು.

ಈ ದ್ವೀಪದ ಕಲ್ಲು ಮೆತ್ತನೆಯದು, ಗರಗಸಕ್ಕೆ ಒಗ್ಗುವಂಥದು,
ರಾತ್ರಿ ಸಮುದ್ರ ಕುಡಿದು ಹಗಲು ಉಗುಳುವಂಥದು.
ಯಾರೋ ಅದರ ಬಾಯಿ ಕಟ್ಟಿದ್ದರು:
ಸಂದುಸಂದಿಗೆ ಸಿಮೆಂಟು, ಮೇಲೆ ಮಿರಿಮಿರಿ ಪಾಲಿಶ್.
ಯಾರೋ ಏನು, ನಾನೇ.
ಹನ್ನೊಂದು ವರ್ಷದ ಹಿಂದೆ, ಅವಳು ಬಂದರಿನ ಪೇಟೆಯಲ್ಲಿ ಮೀನು ಮಾರುತ್ತಿದ್ದಾಗ,
ಅವಳಪ್ಪ ‘ಗಾಜಿನ ಹಾಗೆ ಹೊಳೀಬೇಕು’ ಅಂದ,
ನಾನು ಹೂಂ ಅಂದೆ.
ವ್ಯಾನಿನ ಕಂತು ಬಾಕಿ ಇತ್ತು.

ಈಗ ಸಣ್ಣ ಉಳಿ ಹಿಡಿದು
ನನ್ನದೇ ಬೆರಳಿನ ಗುರುತಿದ್ದ ಸಿಮೆಂಟನ್ನು
ನಾನೇ ಕೆತ್ತಿ ತೆಗೆದೆ.
ತಂತಿಯ ಬ್ರಷ್ ಬೇಡ, ವಿನೆಗರ್ ಅಂತೂ ಬೇಡವೇ ಬೇಡ,
ಒಣ ಕುಂಚ ಸಾಕು ಅಂತ ಅವಳಿಗೆ ಹೇಳುತ್ತ,
ಹೇಳಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತ.

ಅಂಗಳದ ತೊಟ್ಟಿಯಿಂದ ಮಳೆನೀರು ಸೇದಿದಳು.
ಕಾಗದ ನೆನೆಸಿ ರುಬ್ಬಿ, ರೊಟ್ಟಿ ತಟ್ಟಿದ ಹಾಗೆ
ಗೋಡೆಗೆ ಮೆತ್ತಿದೆವು ಇಬ್ಬರೂ.
‘ಒದ್ದೆ ಗೋಡೆಗೆ ಮತ್ತೆ ನೀರೇ?’
ಉಪ್ಪು ತಿಂದದ್ದಲ್ಲವೇ ಚೆನ್ಸಾ,
ನೀರು ಕುಡಿಯಲೇಬೇಕು.
ಕುಡಿದರೆ ಕರಗುತ್ತೆ, ಕರಗಿದ್ದು ಕಾಗದಕ್ಕೆ ಬರುತ್ತೆ.

ಆಮೇಲೆ ಕಾಯುವುದು.
ಆಗ್ನೇಯದ ಗಾಳಿ ಬೀಸಿತು, ಇಲ್ಲಿಯವರು ಶ್ಲೋಕ್ ಅನ್ನುತ್ತಾರೆ,
ಹಾಸಿಗೆ, ಬ್ರೆಡ್ಡು, ಬೆಂಕಿಪೆಟ್ಟಿಗೆ ಎಲ್ಲ ತಂಪು ಹಿಡಿದವು.
ಒಂಬತ್ತು ದಿನ ಏನೂ ಒಣಗಲಿಲ್ಲ.
ಹತ್ತನೆಯ ದಿನ ದಿಕ್ಕು ತಿರುಗಿತು,
ಕಾಗದ ತಾನೇ ಸುರುಳಿ ಸುತ್ತಿ ಬಿತ್ತು,
ಒಳಮೈಯ ತುಂಬ ಬಿಳಿ ಹರಳು.
ಇನ್ನೂ ಎರಡು ಸಲ ಮೆತ್ತಬೇಕು.
ಆಮೇಲೆ ಬರೀ ಸುಣ್ಣದ ಗಾರೆ, ಮೇಲೆ ಏನೂ ಇಲ್ಲ.

‘ಎಷ್ಟಾಯಿತು?’ ಕೇಳಿದಳು.
ಕಾಗದದ ದುಡ್ಡು ಕೊಡು ಸಾಕು ಅಂದೆ.
ಬಹಳ ಹೊತ್ತು ನೋಡಿದಳು,
ಗೋಡೆಯನ್ನಲ್ಲ.
ಒಳಗೆ ಹೋಗಿ ಒಂದು ಲೋಟ ನೀರು ತಂದು
ನಿಂಬೆ ಹಿಂಡಿ ಕಿಟಕಿಕಟ್ಟೆಯ ಮೇಲಿಟ್ಟಳು.
ತಟ್ಟನೆ ಎತ್ತಿಕೊಂಡೆ. ಹುಳಿ ಬಿದ್ದರೆ ಕಲ್ಲು ಸವೆಯುತ್ತೆ.
ಕೈಯಲ್ಲೇ ಹಿಡಿದು,
ನಿಂತುಕೊಂಡೇ,
ಕೊನೆಯ ಹನಿಯವರೆಗೂ ಕುಡಿದೆ.